ಎರಡು ಸಾಲು ಅದಲು ಬದಲಾದಾಗ

12 ಸೆಪ್ಟೆಂಬರ್ 2024, ಗುರುವಾರ

ಇವತ್ತು ಲ್ಯಾಬಿನಲ್ಲಿ, ಸ್ಪ್ರಿಂಗಿಗೆ ಕಟ್ಟಿದ ಗುಂಡು ಹೇಗೆ ಹಿಂದೆ ಮುಂದೆ ಓಲಾಡುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಇದರ ಉತ್ತರ ಕಾಗದದ ಮೇಲೆ ಮೊದಲೇ ಗೊತ್ತು. ಅದಕ್ಕೇ ನಾನು ಪ್ರತಿ ವರ್ಷ ಇದರಿಂದಲೇ ಶುರು ಮಾಡುತ್ತೇನೆ. ಲೆಕ್ಕ ತಪ್ಪಿದರೆ ಕೂಡಲೇ ಕಾಣುತ್ತದೆ.

ಬೋರ್ಡಿನ ಮೇಲೆ ಬರೆದದ್ದು ಗಣಿತಜ್ಞ ಆಯ್ಲರ್ 1768ರಲ್ಲಿ ಪ್ರಕಟಿಸಿದ ವಿಧಾನ. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಬೇಕು. ಈಗಿನ ವೇಗದಿಂದ ಮುಂದಿನ ಜಾಗ, ಈಗಿನ ಜಾಗದಿಂದ ಮುಂದಿನ ವೇಗ. ಅಷ್ಟೇ. ಗುಂಡಿನ ದ್ರವ್ಯರಾಶಿ 1, ಸ್ಪ್ರಿಂಗಿನ ಸ್ಥಿರಾಂಕ (ಅದು ಎಷ್ಟು ಬಿಗಿ ಅನ್ನುವ ಅಳತೆ) 1, ಹೆಜ್ಜೆ 0.01. ಮೊದಲ ಆಂದೋಲನದಲ್ಲಿ, ಅಂದರೆ ಗುಂಡು ಒಂದು ಸಲ ಹೋಗಿ ಬರುವಷ್ಟರಲ್ಲಿ, ಎಲ್ಲರ ಗ್ರಾಫೂ ಚೆನ್ನಾಗಿತ್ತು. ಹನ್ನೊಂದು ಆಂದೋಲನ ಮುಗಿಯುವಷ್ಟರಲ್ಲಿ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟು! ಯಾರೂ ತಳ್ಳದೆ ಗುಂಡು ತಾನಾಗಿ ಜೋರಾಗುತ್ತಿತ್ತು.

ಒಬ್ಬ ಹುಡುಗಿಯ ಗ್ರಾಫ್ ಮಾತ್ರ ಹಾಗಾಗಲಿಲ್ಲ. ನೂರು ಆಂದೋಲನ ಓಡಿಸಿದರೂ ಎತ್ತರ ಅಷ್ಟೇ. "ಮೇಡಂ, ನಂದು ಏನೋ ತಪ್ಪಾಗಿದೆ. ಎಲ್ಲರ ಥರ ಬರ್ತಿಲ್ಲ" ಅಂದಳು, ಮುಖ ಸಪ್ಪೆ ಮಾಡಿಕೊಂಡು. ಪಕ್ಕದಲ್ಲಿ ಕೂತು ನೋಡಿದೆ. ಎರಡು ಸಾಲು ಮೇಲೆ ಕೆಳಗಾಗಿದ್ದವು. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಜಾಗ ಲೆಕ್ಕ ಹಾಕಿದ್ದಳು.

ಇಬ್ಬರೂ ಪೆನ್ನು ಹಿಡಿದು ಕೂತೆವು. ಆಯ್ಲರ್ ವಿಧಾನದಲ್ಲಿ ಶಕ್ತಿ ಪ್ರತಿ ಹೆಜ್ಜೆಗೂ 1.0001 ಪಟ್ಟು ಆಗುತ್ತದೆ. ಒಂದು ಆಂದೋಲನಕ್ಕೆ ಸುಮಾರು 628 ಹೆಜ್ಜೆ. ಅಂದರೆ ಪ್ರತಿ ಸಲ ನೂರಕ್ಕೆ ಆರೂವರೆ ಏರಿಕೆ, ಇಳಿಯುವ ಮಾತೇ ಇಲ್ಲ. ಹೆಜ್ಜೆ ಇನ್ನೂ ಸಣ್ಣದು ಮಾಡಿದರೆ ಏರಿಕೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅವಳದರಲ್ಲೂ ತಪ್ಪು ಇದೆ. ಆದರೆ ಅಲ್ಲಿ ಶಕ್ತಿ ನೂರಕ್ಕೆ ಬರೀ ಅರ್ಧದಷ್ಟು (ಶೇಕಡಾ 0.5) ಏರುತ್ತದೆ, ಅಷ್ಟೇ ಇಳಿಯುತ್ತದೆ, ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ತಪ್ಪು ಎಷ್ಟು ಅನ್ನುವುದಕ್ಕಿಂತ ಅದು ಸೇರುತ್ತಾ ಹೋಗುತ್ತದೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ, ಅಲ್ವಾ? ಈ ಮಾತು ನನಗೆ ಗೊತ್ತಿತ್ತು. ಆದರೂ ಇಷ್ಟು ವರ್ಷ ಕ್ಲಾಸಿನಲ್ಲಿ ಒಂದೇ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದೆ. ಅದು ಸರಿಯಲ್ಲ.

ಅವಳು ಬರೆದ ಕ್ರಮಕ್ಕೆ ಆಯ್ಲರ್-ಕ್ರೋಮರ್ ವಿಧಾನ ಅನ್ನುತ್ತಾರೆ. ಅಮೆರಿಕದ ಭೌತವಿಜ್ಞಾನಿ ಅಲನ್ ಕ್ರೋಮರ್ 1981ರಲ್ಲಿ ಇದರ ಬಗ್ಗೆ ಲೇಖನ ಬರೆದರು. ಅವರ ಗಮನಕ್ಕೆ ಇದನ್ನು ತಂದದ್ದೂ ಒಬ್ಬ ಹೈಸ್ಕೂಲ್ ಹುಡುಗಿಯೇ! ಅದನ್ನು ಹೇಳಿದಾಗ ಇವಳ ಮುಖ ಅರಳಿದ್ದು ನೋಡಬೇಕಿತ್ತು.

ಮುಂದಿನ ಲ್ಯಾಬಿಗೆ ಭೂಮಿಯನ್ನು ಸೂರ್ಯನ ಸುತ್ತ ಸುತ್ತಿಸುವುದಿದೆ. ನನ್ನ ಸಾಲುಗಳಲ್ಲಿ ಭೂಮಿ ಸುರುಳಿ ಸುರುಳಿಯಾಗಿ ಹೊರಗೆ ಹೋಗುತ್ತದೆ. ಮೊದಲು ಅದನ್ನೇ ತೋರಿಸುತ್ತೇನೆ. ಆಮೇಲೆ ಬೋರ್ಡಿನ ಮೇಲೆ ಅವಳೇ ಬರೆಯಲಿ.