ಸೇತುವೆಯ ಈಚೆ

ಜುಲೈ ತಿಂಗಳ ಎರಡನೇ ಭಾನುವಾರ. ಸೋಮವಾರಪೇಟೆಯಿಂದ ಬೆಳಗ್ಗೆಯೇ ಬಸ್ ಹತ್ತಿ ಕುಶಾಲನಗರಕ್ಕೆ ಬಂದೆ. ತಿಂಗಳಿಗೆ ಎರಡು ಸಲ, ಹತ್ತರಿಂದ ನಾಲ್ಕರವರೆಗೆ ಮಗಳು ನನ್ನ ಜೊತೆ. ಕೋರ್ಟಿನ ಮಧ್ಯಂತರ ಆದೇಶ. ಅದರಲ್ಲೇ ಇನ್ನೊಂದು ಸಾಲಿದೆ: ತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಕೊಡಗು ಜಿಲ್ಲೆ ದಾಟಿಸಬಾರದು.

ನಿಸರ್ಗಧಾಮದಲ್ಲಿ ಜಿಂಕೆ ತೋರಿಸೋಣ ಅಂತ ಆಟೋ ಹಿಡಿದು ಹೋದರೆ ಗೇಟಿಗೆ ಬೀಗ. ಹೊಳೆ ತುಂಬಿದೆ, ನೀರು ಇಳಿಯೋವರೆಗೂ ಯಾರನ್ನೂ ಬಿಡಲ್ಲ ಅಂದ ಗಾರ್ಡ್. ಆರು ಗಂಟೆ ಅಂದ್ರೆ ಜಾಸ್ತಿ ಹೊತ್ತೇನಲ್ಲ, ಆದರೆ ಸುರಿಯೋ ಮಳೆಯಲ್ಲಿ ಆರು ವರ್ಷದ ಮಗುವನ್ನು ಕರ್ಕೊಂಡು ನಮ್ಮದೊಂದು ಮನೆ ಇಲ್ಲದ ಊರಲ್ಲಿ ಅದನ್ನು ಕಳೆಯೋದು ಎಷ್ಟು ಉದ್ದ ಅಂತ ಕಳೆದವರಿಗೇ ಗೊತ್ತು. ಮಸಾಲೆ ದೋಸೆ ತಿಂದು ಮುಗಿಸಿದರೂ ಗಂಟೆ ಹನ್ನೊಂದೂವರೆ.

"ಅಪ್ಪಾ, ಗೋಲ್ಡನ್ ಟೆಂಪಲ್‌ಗೆ ಹೋಗೋಣ."

ಟಿಬೆಟಿಯನ್ನರ ಆ ಟೆಂಪಲ್ ಇರೋ ಬೈಲಕುಪ್ಪೆ ಐದಾರು ಕಿಲೋಮೀಟರ್ ಅಷ್ಟೇ. ಆದರೆ ಕೊಪ್ಪದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ.

1956ರ ಹಿಂದೂ ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ನಾನು ಅವಳ ಸಹಜ ಪೋಷಕ. ಅದೇ ಕಲಂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅನ್ನುತ್ತೆ. ಕೇಸು ಹಾಕಿದಾಗ ಅವಳಿಗೆ ಮೂರು. ಐದು ತುಂಬಿದ ದಿನ ಲಾಯರಿಗೆ ಫೋನ್ ಮಾಡಿ, ಇನ್ನು ಕರ್ಕೊಂಡು ಬರಬಹುದಾ ಸಾರ್ ಅಂತ ಪೆದ್ದನ ಹಾಗೆ ಕೇಳಿದ್ದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. ಕೋರ್ಟು ಮೊದಲು ನೋಡೋದು ಮಗುವಿನ ಹಿತ, ಆಮೇಲೆ ನಿಮ್ಮ ಹಕ್ಕು ಅಂದರು. ಆಗ ಸಿಟ್ಟು ಬಂದಿತ್ತು. ಈಗ ಅದು ಸರಿ ಅನ್ನಿಸುತ್ತೆ, ಭಾನುವಾರಗಳನ್ನು ಬಿಟ್ಟು.

ಸೇತುವೆವರೆಗೆ ನಡೆದೆವು. ಕೆಂಪು ನೀರು. ಒಂದು ಬಾಳೆಗಿಡ ಬುಡಸಮೇತ ತೇಲಿ ಬಂತು. ಅದು ಅಡಿಯಿಂದ ನುಗ್ಗಿ ಆಚೆ ಹೊರಡೋದನ್ನು ನೋಡಬೇಕು ಅಂತ ಅವಳು ರಸ್ತೆ ದಾಟೋಕೆ ಹಟ ಮಾಡಿದಳು. ಎತ್ತಿಕೊಂಡು ದಾಟಿದೆ. ಅಷ್ಟರಲ್ಲಿ ಗಿಡ ಮುಂದೆ ಹೋಗಿತ್ತು.

ಒಂದು ಫೋನ್ ಮಾಡಿ ಕೇಳಬಹುದಿತ್ತು. ಜೇಬಿಗೆ ಕೈ ಹಾಕಿದ್ದೂ ಹೌದು. ನನ್ನ ಮಗಳನ್ನು ಕರ್ಕೊಂಡು ಹೋಗೋಕೆ ಇನ್ನೊಬ್ಬರ ಅಪ್ಪಣೆ ಯಾಕೆ ಅಂತ ಬಿಂಕ. ಟೆಂಪಲ್ ಇವತ್ತು ರಜೆ ಪುಟ್ಟಿ ಅಂತ ಸುಳ್ಳು ಹೇಳಿದೆ.

ನಾಲ್ಕಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮನ ಕೈ ಹಿಡಿದವಳೇ, "ಗೋಲ್ಡನ್ ಟೆಂಪಲ್ ರಜೆ ಅಂತೆ ಅಮ್ಮಾ" ಅಂದಳು.

ಅವಳಮ್ಮ ನನ್ನ ಮುಖ ನೋಡಿದಳು. "ಕೇಳಿದ್ರೆ ಬೇಡ ಅಂತಿದ್ನಾ?"

ನಾನು ಒದ್ದೆ ಕೊಡೆ ಮಡಚುತ್ತಾ ನಿಂತೆ.