ಹೊರಗಿನ ಡಿಸ್ಕ್ ಹಾಕಿದರೆ ಪಟ್ಟಿಯೇ ಬರಲ್ಲ

ಶನಿವಾರ, 5 ಏಪ್ರಿಲ್ 2025
ಧಾರವಾಡ

ಮಾರ್ಚ್ ಮುಗೀತು ಅಂದರೆ ಕಾಲೇಜಿನಲ್ಲಿ ಸ್ಟಾಕ್ ವೆರಿಫಿಕೇಶನ್. ಯಾವ ಕಂಪ್ಯೂಟರಿನಲ್ಲಿ ಏನಿದೆ ಅಂತ ಸೀರಿಯಲ್ ನಂಬರ್ ಸಮೇತ ಬರೆದು ಕೊಡಬೇಕು. ಲ್ಯಾಬಿನಲ್ಲಿ ಇರುವುದೆಲ್ಲ ಉಬುಂಟು ಅನ್ನುವ ಲಿನಕ್ಸ್. ಒಂದು ಕಮಾಂಡ್ ಹೊಡೆದರೆ ಮದರ್‌ಬೋರ್ಡಿನಿಂದ ಹಿಡಿದು ಡಿಸ್ಕ್‌ವರೆಗೆ ಎಲ್ಲ ಉದ್ದಕ್ಕೆ ಬರುತ್ತೆ, ಫೈಲಿಗೆ ಇಳಿಸಿಕೊಂಡರೆ ಆಯ್ತು. ಲ್ಯಾಬಿನ ಮಷೀನ್‌ಗಳು ಸಲೀಸಾಗಿ ಮುಗಿದವು. ತಕರಾರು ತೆಗೆದದ್ದು ಆಫೀಸಿನ ಬ್ಯಾಕಪ್ ಮಷೀನ್.

ಅದಕ್ಕೆ ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗಳು ಸದಾ ಸಿಕ್ಕಿಸಿಯೇ ಇರುತ್ತವೆ. ಕಮಾಂಡ್ ಹೊಡೆದೆ. ಸ್ವಲ್ಪ ಹೊತ್ತು ಏನೋ ಹುಡುಕಿತು, ಆಮೇಲೆ ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ (ಪ್ರೋಗ್ರಾಮಿನ ಮೆಮೊರಿ ಕೆಟ್ಟಿದೆ) ಅಂತ ಒಂದು ಸಾಲು ಉಗುಳಿ ನಿಂತಿತು. ಪಟ್ಟಿ ಖಾಲಿ. ಪಕ್ಕದಲ್ಲೇ ನಿಂತಿದ್ದ ಅಟೆಂಡರ್‌ಗೆ ಗಾಬರಿ. ‘ಡಿಸ್ಕ್ ಹೋತೇನ್ರಿ ಸರ? ಅದ್ರಾಗ ನಮ್ಮ ಹುಡುಗಿ ಮದವಿ ಫೋಟೋ ಅದಾವ್ರಿ!’ ಕಾಲೇಜಿನ ಬ್ಯಾಕಪ್ ಡಿಸ್ಕಿನಲ್ಲಿ ಮದುವೆ ಫೋಟೋ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ಫೋಲ್ಡರ್ ತೆರೆದು ತೋರಿಸಿದೆ, ಫೋಟೋಗಳು ಭದ್ರವಾಗಿದ್ದವು. ಬಿದ್ದದ್ದು ಡಿಸ್ಕ್ ಅಲ್ಲ, ಪಟ್ಟಿ ಮಾಡುವ ಟೂಲ್.

(ಟೂಲಿನ ಹೆಸರು ಇಲ್ಲಿ ಬೇಡ. ಅದನ್ನು ನೋಡಿಕೊಳ್ಳುವವರು ಸಂಬಳ ಇಲ್ಲದೆ ದುಡಿಯುವ ಜನ. ಅವರಿಗೆ ತಿಳಿಸಿದ್ದೇನೆ. ಅವರು ನೋಡುವ ಮೊದಲೇ ಊರಿಗೆಲ್ಲ ಸಾರುವುದು ಸರಿ ಅಲ್ಲ.)

ಆಮೇಲೆ ಶುರುವಾಯ್ತು ಕಿತ್ತು ಹಾಕುವ ಆಟ. ಡಿಸ್ಕ್‌ಗಳನ್ನೆಲ್ಲ ತೆಗೆದರೆ ಟೂಲ್ ಚೆನ್ನಾಗಿ ಓಡುತ್ತೆ. ಪೆನ್‌ಡ್ರೈವ್ ಹಾಕಿದರೂ ಓಡುತ್ತೆ. ದೊಡ್ಡ ಡಿಸ್ಕ್ ಹಾಕಿದ ಕೂಡಲೇ ಬೀಳುತ್ತೆ. ಇನ್ನೂ ತಮಾಷೆ ಅಂದರೆ, ಸುಡೋ (ಅಡ್ಮಿನ್ ಹಕ್ಕು ಕೊಡುವ ಕಮಾಂಡ್) ಇಲ್ಲದೆ ಓಡಿಸಿದರೆ ಅದೇ ಡಿಸ್ಕ್ ಇದ್ದರೂ ಬೀಳಲ್ಲ. ನನಗೆ ದಾರಿ ತೋರಿಸಿದ್ದು ಇದೇ. ಮಾಮೂಲಿ ಯೂಸರ್‌ಗೆ ಡಿಸ್ಕನ್ನು ನೇರವಾಗಿ ತೆರೆದು ಓದುವ ಹಕ್ಕು ಇರಲ್ಲ, ಹಾಗಾಗಿ ಟೂಲ್ ಆ ಭಾಗವನ್ನೇ ಬಿಟ್ಟು ಮುಂದೆ ಹೋಗುತ್ತೆ. ಅಂದರೆ ಗಲಾಟೆ ಇರುವುದು ಡಿಸ್ಕಿನ ಒಳಗೆ ಕೈ ಹಾಕಿ ಪಾರ್ಟಿಷನ್ ಟೇಬಲ್ (ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅನ್ನುವ ಪಟ್ಟಿ) ಓದುವ ಕಡೆ. ಡಿಸ್ಕ್‌ಗಳ ಪಟ್ಟಿ ಕೊಡುವ ಇನ್ನೊಂದು ಕಮಾಂಡ್ ಎಲ್‌ಎಸ್‌ಬ್ಲಾಕ್ ಓಡಿಸಿ ನೋಡಿದೆ, ಅದು ಇಂಥ ಸಾಹಸಕ್ಕೆ ಹೋಗಲ್ಲ. ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಯುಡೆವ್ (ಸಿಕ್ಕಿಸಿದ ಸಾಧನಗಳ ಲೆಕ್ಕ ಇಡುವ ಭಾಗ) ಆಗಲೇ ತಿಳಿದಿಟ್ಟದ್ದನ್ನು ಓದಿ ಹೇಳುತ್ತೆ ಅಷ್ಟೇ. ಅದಕ್ಕೇ ಅದು ಬೀಳಲಿಲ್ಲ.

ಎಲ್‌ಎಸ್‌ಬ್ಲಾಕ್‌ನಲ್ಲಿ ಸೆಕ್ಟರ್ (ಡಿಸ್ಕ್ ಒಂದು ಸಲಕ್ಕೆ ಕೊಡುವ ತುಣುಕು) ಅಳತೆ ತೋರಿಸು ಅಂದೆ. ಪೆನ್‌ಡ್ರೈವ್‌ಗೆ 512 ಬೈಟ್. ದೊಡ್ಡ ಡಿಸ್ಕ್‌ಗೆ 4096. ಜಿಡಿಬಿ ಅನ್ನುವ ದೋಷ ಹುಡುಕುವ ಟೂಲಿನಲ್ಲಿ ಬ್ಯಾಕ್‌ಟ್ರೇಸ್ (ಪ್ರೋಗ್ರಾಮ್ ಎಲ್ಲಿ ಬಿತ್ತು ಅನ್ನುವ ಜಾಡು) ತೆಗೆದು, ಸೋರ್ಸ್ ತೆರೆದು ನೋಡಿದರೆ ವಿಷಯ ಅಲ್ಲೇ ಇತ್ತು. ಸೆಕ್ಟರ್ ಅಂದರೆ 512 ಬೈಟ್ ಅಂತ ನಂಬಿ ಬರೆದವರು ಅಷ್ಟೇ ಜಾಗ ತೆಗೆದಿಟ್ಟಿದ್ದಾರೆ. ಆಮೇಲೆ ‘ಒಂದು ಸೆಕ್ಟರ್ ಕೊಡು’ ಅಂತ ಡಿಸ್ಕನ್ನು ಕೇಳುತ್ತಾರೆ. ಅದು 4096 ಬೈಟ್ ಕೊಡುತ್ತೆ. ಪಾವಿನೊಳಗೆ ಎರಡು ಸೇರು ಅಕ್ಕಿ ಸುರಿದ ಹಾಗೆ, ಲೆಕ್ಕವೂ ಸರಿಯಾಗಿ ಎಂಟು ಪಟ್ಟೇ. ಚೆಲ್ಲಿದ್ದು ಪಕ್ಕದ ಮೆಮೊರಿ ಮೇಲೆ ಬೀಳುತ್ತೆ, ಅದನ್ನು ಕಂಡ ಸಿಸ್ಟಂ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತೆ. ನಿಲ್ಲಿಸಿದ್ದು ಒಳ್ಳೇದೇ ಆಯ್ತು ಅನ್ನಿ.

ಡಿಸ್ಕ್ ಹೀಗೇಕೆ ಹೇಳುತ್ತೆ? ಇದು ಹಳೇ ಕಥೆ. ಎಂಬಿಆರ್ ಅನ್ನುವ ಹಳೇ ಬಗೆಯ ಪಾರ್ಟಿಷನ್ ಟೇಬಲ್‌ನಲ್ಲಿ ಸೆಕ್ಟರ್ ಎಣಿಸಲು ಇರುವುದು 32 ಬಿಟ್. 512ರ ಲೆಕ್ಕದಲ್ಲಿ ಅದು ಸುಮಾರು 2 ಟಿಬಿಗೆ ಮುಗಿದುಹೋಗುತ್ತೆ. ವಿಂಡೋಸ್ ಎಕ್ಸ್‌ಪಿ ಇನ್ನೂ ಓಡುತ್ತಿದ್ದ ಕಾಲದಲ್ಲಿ 3 ಟಿಬಿ ಡಿಸ್ಕ್ ಬಂದಾಗ ಡಿಸ್ಕ್ ಕೂರಿಸುವ ಯುಎಸ್‌ಬಿ ಪೆಟ್ಟಿಗೆ ತಯಾರಿಸುವವರು ಒಂದು ಉಪಾಯ ಮಾಡಿದರು. ಡಿಸ್ಕ್ 512 ಅಂದರೂ, ನಡುವೆ ಇರುವ ಯುಎಸ್‌ಬಿ ಬ್ರಿಡ್ಜ್ ಚಿಪ್ ಕಂಪ್ಯೂಟರಿಗೆ 4096 ಅನ್ನುತ್ತೆ. ಮಿತಿ 16 ಟಿಬಿಗೆ ಏರಿತು. ಜಾಣತನವೇ, ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಪೆಟ್ಟಿಗೆ ಕೆಟ್ಟಿತು ಅಂತ ಡಿಸ್ಕ್ ಬಿಚ್ಚಿ ನೇರವಾಗಿ ಕಂಪ್ಯೂಟರಿನ ಒಳಗಿನ ಸಾಟಾ ಕೇಬಲ್‌ಗೆ ಹಾಕಿದರೆ ಸೆಕ್ಟರ್ ಲೆಕ್ಕ ತಪ್ಪುತ್ತೆ, ಪಾರ್ಟಿಷನ್ ಕಾಣಲ್ಲ, ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೂ ಕೇಳಬಹುದು. ಯಾರೂ ಹೂಂ ಅನ್ನಬೇಡಿ. ಅದೇ ರೀತಿಯ ಬ್ರಿಡ್ಜ್ ಇರುವ ಇನ್ನೊಂದು ಪೆಟ್ಟಿಗೆ ಸಿಕ್ಕರೆ ಫೈಲ್‌ಗಳು ಹಾಗೇ ಬರುತ್ತವೆ.

ದೂರು ಬರೆಯುವಾಗ ಒಂದು ಅನುಮಾನ ಇತ್ತು. ‘ನಿಮ್ಮ ಡಿಸ್ಕೇ ಸರಿ ಇಲ್ಲ’ ಅಂದುಬಿಟ್ಟರೆ? ಅದಕ್ಕೆ ಲಿನಕ್ಸ್‌ನಲ್ಲಿ ಸ್ಕಸಿ ಡಿಬಗ್ ಅನ್ನುವ ಕರ್ನಲ್ ಮಾಡ್ಯೂಲ್ ಇದೆ. ರ‍್ಯಾಮಿನಲ್ಲೇ ಸುಳ್ಳು ಡಿಸ್ಕ್ ಒಂದನ್ನು ಕಟ್ಟುತ್ತೆ. ಸೆಕ್ಟರ್ ಎಷ್ಟಿರಲಿ ಅಂತ ನಾವೇ ಹೇಳಬಹುದು. 4096 ಅಂದೆ, ಯುಎಸ್‌ಬಿಗೆ ಏನೂ ಸಿಕ್ಕಿಸದೆಯೇ ಟೂಲ್ ಬಿತ್ತು. 512 ಅಂದೆ, ಓಡಿತು. ಇದನ್ನೇ ಬರೆದು ಕಳಿಸಿದೆ. ಇನ್ನು ಅವರು ಯಾವ ಡಿಸ್ಕನ್ನೂ ಹುಡುಕಿಕೊಂಡು ಹೋಗಬೇಕಿಲ್ಲ, ತಮ್ಮ ಮಷೀನಿನಲ್ಲೇ ನೋಡಬಹುದು.

ಅಷ್ಟರಲ್ಲಿ ಸ್ಟಾಕ್ ಕಮಿಟಿಯ ಮೇಡಂ ಬಂದರು. ‘ಪಟ್ಟಿ ಆತೇನ್ರಿ ಸರ?’

ಮಷೀನಿನ ಪಟ್ಟಿಯನ್ನು ಡಿಸ್ಕ್ ಭಾಗ ಬಿಟ್ಟು ಓಡಿಸಿ ತೆಗೆದೆ, ಅದಕ್ಕೊಂದು ಆಯ್ಕೆ ಇದೆ. ಹೊರಗಿನ ಡಿಸ್ಕ್‌ಗಳ ಸೀರಿಯಲ್ ಬೇರೆ ತೆಗೆಯಬೇಕಾಯ್ತು. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡಿನಲ್ಲಿ ಕೇಳಿದರೆ ಎರಡು ಪೆಟ್ಟಿಗೆ ಒಂದೇ ನಂಬರ್ ಹೇಳಿದವು, ಒಂದರಿಂದ ಶುರುವಾಗಿ ಸಾಲಾಗಿ ಹೋಗುವ ಅಂಕಿಗಳು. ಅಗ್ಗದ ಬ್ರಿಡ್ಜ್ ಚಿಪ್‌ಗಳಲ್ಲಿ ಇದು ಮಾಮೂಲು. ಒಂದೇ ಸೀರಿಯಲ್ ಎರಡು ಸಲ ಬರೆದರೆ ಆಡಿಟ್‌ನವರು ಸುಮ್ನೆ ಬಿಡ್ತಾರಾ? ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿಗೆ ‘ಸ್ಯಾಟ್’ ಅನ್ನುವ ಆಯ್ಕೆ ಕೊಟ್ಟು ಓಡಿಸಿದರೆ ಅದು ಬ್ರಿಡ್ಜ್ ದಾಟಿ ಒಳಗಿನ ಡಿಸ್ಕನ್ನೇ ಕೇಳುತ್ತೆ. ಅಸಲಿ ನಂಬರ್‌ಗಳು ಸಿಕ್ಕವು, ಬೇರೆ ಬೇರೆಯೇ ಇದ್ದವು. ಸ್ಕೆಚ್ ಪೆನ್ನಿನಲ್ಲಿ ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದೆ, ಕೆಳಗೆ ‘ಸೆಕ್ಟರ್ 4096, ಬಿಚ್ಚಬೇಡಿ’ ಅಂತಲೂ ಸೇರಿಸಿದೆ. ಮೇಡಂ ಚೀಟಿ ಓದಿ, ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲವಲ್ಲ ಅಂದರು. ಷರಾ ಕಾಲಂನಲ್ಲಿ ಬರೆಸಿದೆ.