ನಂದಿ ಹತ್ತೋ ಟೈಮ್ ನೋಡಿ ಸೈಕ್ಲಿಸ್ಟನ್ನು ಅಳೆಯಬೇಡಿ

ಚಿಕ್ಕಬಳ್ಳಾಪುರದಲ್ಲಿ ಹುಡುಗರಿಗೆ ಸೈಕಲ್ ರೇಸಿಂಗ್ ಕೋಚಿಂಗ್ ಕೊಡೋದು ನನ್ನ ಕೆಲಸ. ಇಲ್ಲಿ ಯಾರೇ ರೇಸ್ ಸೈಕಲ್ ತಗೊಂಡರೂ ಮೊದಲು ಕೇಳೋದು ಒಂದೇ: "ನಂದಿ ಎಷ್ಟು ನಿಮಿಷಕ್ಕೆ ಹತ್ತಿದೆ?" 1,478 ಮೀಟರ್ ಎತ್ತರದ ಬೆಟ್ಟ ಪಕ್ಕದಲ್ಲೇ ಇದೆ, ಭಾನುವಾರ ಬೆಂಗಳೂರಿನಿಂದ ಬರುವವರೆಲ್ಲ ಅದನ್ನೇ ಹತ್ತುತ್ತಾರೆ, ಹಾಗಾಗಿ ಅದೇ ಪರೀಕ್ಷೆ ಆಗಿಬಿಟ್ಟಿದೆ. ಆ ಒಂದು ಟೈಮ್ ಸರಿ ಬರಲಿಲ್ಲ ಅಂತ ಒಳ್ಳೊಳ್ಳೆ ಹುಡುಗರು ಸೈಕಲ್ ಮೂಲೆಗೆ ಇಟ್ಟಿದ್ದು ನೋಡಿದ್ದೇನೆ. ತುಂಬಾ ಬೇಜಾರಾಗುತ್ತೆ.

ಲೆಕ್ಕ ಸುಲಭ. ಸೈಕಲ್ 8 ಕೆಜಿ ಅಂತಿಟ್ಟುಕೊಳ್ಳಿ. 52 ಕೆಜಿ ಹುಡುಗ ಗುಡ್ಡದ ಮೇಲೆ 60 ಕೆಜಿ ಎಳೆಯಬೇಕು, 75 ಕೆಜಿಯವನು 83. ಇಬ್ಬರೂ ಒಟ್ಟಿಗೆ ಮೇಲೆ ತಲುಪಬೇಕು ಅಂದರೆ ದೊಡ್ಡ ಮೈಯವನು ಸಣ್ಣವನು ಹಾಕೋ ಬಲದ ಮೇಲೆ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸೇರಿಸಿ ಹಾಕಬೇಕು. ಸಪಾಟು ರಸ್ತೆಯಲ್ಲಿ ಕಥೆಯೇ ಬೇರೆ. ಅಲ್ಲಿ ತಡೆಯೋದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ಅಲ್ಲಿ ತೂಕದ ಮಾತು ಅಷ್ಟಾಗಿ ನಡೆಯಲ್ಲ, ಕಾಲಿನ ಬಲ ನಡೆಯುತ್ತೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ದ್ರಾಕ್ಷಿ ತೋಟದ ಮನೆಯವನು, ಗಟ್ಟಿ ಆಳು. ನಂದಿಯಲ್ಲಿ ಯಾವಾಗಲೂ ಕೊನೆ. "ಸಾರ್, ನನ್ ಕೈಲಿ ಆಗಲ್ಲ, ಬಿಟ್ಬಿಡ್ತೀನಿ" ಅಂದ. ಶಿಡ್ಲಘಟ್ಟದ ಕಡೆ ಬೆಳಗಿನ ಜಾವ ಲಾರಿ ಕಮ್ಮಿ ಇರೋ ಹೊತ್ತಲ್ಲಿ 4 ಕಿಲೋಮೀಟರ್ ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ತೆಗೆದೆ. ಗುಡ್ಡದಲ್ಲಿ ಅವನನ್ನು ಬಿಟ್ಟು ಹೋಗುತ್ತಿದ್ದ ಒಬ್ಬನೂ ಅವನ ಹತ್ತಿರಕ್ಕೂ ಬರಲಿಲ್ಲ. ಟ್ರ್ಯಾಕಿನಲ್ಲಿ ತಂಡವಾಗಿ ತುಳಿಯೋ ರೇಸ್ ಆದ ಟೀಮ್ ಪರ್ಸ್ಯೂಟ್‌ನ ದೂರ ಅದೇ 4 ಕಿಲೋಮೀಟರ್. ಇವನು ಟ್ರ್ಯಾಕಿನ ಹುಡುಗ ಅಂತ ಅವತ್ತೇ ಗೊತ್ತಾಯಿತು.

ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಕಟ್ಟಿದ ವೆಲೊಡ್ರೋಮ್, ಅಂದರೆ ಸೈಕಲ್ ರೇಸ್ ಟ್ರ್ಯಾಕ್ ಇದೆ, ಮರದ್ದು, ಒಂದು ಸುತ್ತು 250 ಮೀಟರ್. ತಿರುವುಗಳು ಗೋಡೆ ಥರ ಎದ್ದು ನಿಂತಿರುತ್ತವೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಒಂದೇ, ಫ್ರೀವೀಲ್ ಇಲ್ಲ. ಚಕ್ರ ತಿರುಗುತ್ತಿರೋವರೆಗೂ ಪೆಡಲ್ ತಿರುಗುತ್ತಲೇ ಇರುತ್ತೆ. ಅಲ್ಲಿಗೆ ಕರೆದುಕೊಂಡು ಹೋದಾಗ, ರಸ್ತೆಯಿಂದ ಬಂದ ನಮ್ಮ ಹುಡುಗ ಅಭ್ಯಾಸಬಲದಲ್ಲಿ ಒಂದು ಕ್ಷಣ ಕಾಲು ನಿಲ್ಲಿಸಿದ. ಪೆಡಲ್ ಅವನನ್ನು ಸೀಟಿಂದ ಎತ್ತಿಹಾಕಿತು. "ತುಳೀತಾನೇ ಇರು!" ಅಂತ ಟ್ರ್ಯಾಕಿನ ನಡುವಿನಿಂದ ಕೂಗಿದೆ. ನಿಧಾನ ಮಾಡಬೇಕಾದರೆ ಮೇಲಕ್ಕೆ ಹತ್ತಬೇಕು, ಇಳಿಜಾರೇ ಬ್ರೇಕು. ಆದರೆ ತಿರುವಿನಲ್ಲಿ ತೀರಾ ನಿಧಾನ ಆದರೆ ಟೈರ್ ಜಾರುತ್ತೆ. ಸಂಜೆ ಹೊತ್ತಿಗೆ ಅವನ ಕಾಲು ಗಿರಗಿರ ತಿರುಗುತ್ತಿತ್ತು, ಮೇಲೆ ಭುಜ ಅಲುಗಾಡುತ್ತಿರಲಿಲ್ಲ.

ಟ್ರ್ಯಾಕಿನಲ್ಲಿ ಕಲಿತಿದ್ದು ರಸ್ತೆಗೂ ಬರುತ್ತೆ. ಮುಂದಿನವನ ಚಕ್ರಕ್ಕೆ ಒಂದು ಗೇಣು ಬಿಟ್ಟು ಕೂರೋದು, ಅವನ ಟೈರನ್ನು ನೋಡದೆ ಸೊಂಟದ ಕಡೆ ಕಣ್ಣಿಡೋದು, ಗಾಳಿ ಮರೆಯಲ್ಲಿ ಶಕ್ತಿ ಉಳಿಸೋದು. ಟೀಮ್ ಪರ್ಸ್ಯೂಟ್‌ನಲ್ಲಿ ನಾಲ್ಕು ಜನ ಓಡ್ತಾರೆ, ಟೈಮ್ ಹಿಡಿಯೋದು ಮೂರನೆಯವನು ಗೆರೆ ದಾಟಿದಾಗ. ಹೀಗಾಗಿ ಒಬ್ಬನೇ ಮುಂದೆ ಹಾರಿದರೆ ಏನೂ ಸಿಗಲ್ಲ. ನಂದಿ ಟೈಮಿನ ಹಿಂದೆ ಬಿದ್ದ ಹುಡುಗರಿಗೆ ಇದನ್ನು ತಲೆಗೆ ಹಾಕೋದೇ ಕಷ್ಟ.

ಇಟಲಿಯ ಫಿಲಿಪ್ಪೋ ಗನ್ನಾ ಆರಡಿ ಮೇಲಿನ ಆಳು. ಗುಡ್ಡದ ರಾಜ ಅಲ್ಲ. ಆದರೆ ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯೋ ರಸ್ತೆಯ ಟೈಮ್ ಟ್ರಯಲ್‌ನಲ್ಲಿ 2020, 2021ರ ವಿಶ್ವ ಚಾಂಪಿಯನ್, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟೀಮ್ ಪರ್ಸ್ಯೂಟ್ ಚಿನ್ನ, 2022ರಲ್ಲಿ ಟ್ರ್ಯಾಕಿನ ಮೇಲೆ ಒಂದು ಗಂಟೆಗೆ 56.792 ಕಿಲೋಮೀಟರ್. ಬ್ರಿಟನ್ನಿನ ಗೆರೈಂಟ್ ಥಾಮಸ್ ಬೇರೆ ದಾರಿ ಹಿಡಿದ: 2008, 2012ರಲ್ಲಿ ಅದೇ ಟೀಮ್ ಪರ್ಸ್ಯೂಟ್‌ನಲ್ಲಿ ಒಲಿಂಪಿಕ್ ಚಿನ್ನ, ಆಮೇಲೆ ರಸ್ತೆಗೆ ಪೂರ್ತಿ ಇಳಿದು ಬೆಟ್ಟಗಳನ್ನೂ ಹತ್ತಬೇಕಾದ ಮೂರು ವಾರದ ರೇಸ್, 2018ರ ಟೂರ್ ಡಿ ಫ್ರಾನ್ಸ್ ಗೆದ್ದ. ಮೈ ಯಾವುದಕ್ಕೆ ಹೊಂದುತ್ತೆ ಅಂತ ಹುಡುಕೋಕೆ ಇಬ್ಬರಿಗೂ ವರ್ಷಗಟ್ಟಲೆ ಸಮಯ ಸಿಕ್ಕಿತು. ನಮ್ಮ ಹುಡುಗರಿಗೆ ಒಂದು ಭಾನುವಾರ ಸಾಕು ಅಂದುಕೊಂಡರೆ ಹೇಗೆ?

ಅಪ್ಪ ಅಮ್ಮ ಕೇಳೋ ಪ್ರಶ್ನೆಯೂ ನ್ಯಾಯವೇ. "ಇದರಿಂದ ಹೊಟ್ಟೆಪಾಡು ನಡೆಯುತ್ತಾ ಸಾರ್?" ರೈಲ್ವೆಯಲ್ಲಿ, ಸೇನೆಯಲ್ಲಿ ಸೈಕ್ಲಿಂಗ್ ತಂಡಗಳಿವೆ. ಒಳ್ಳೆ ಫಲಿತಾಂಶ ಬಂದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ದಾರಿ ಇದೆ. ಗ್ಯಾರಂಟಿ ಅಂತ ಮಾತ್ರ ಯಾರಿಗೂ ಹೇಳಲ್ಲ. ಓದು ಬಿಡಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಈಗ ಹೊಸಬರನ್ನು ಶುರುವಿಗೇ ನಂದಿಗೆ ಕರೆದುಕೊಂಡು ಹೋಗಲ್ಲ. ಮೊದಲು ಸಪಾಟು 4 ಕಿಲೋಮೀಟರ್, ಒಂದು ಚಿಕ್ಕ ಸ್ಪ್ರಿಂಟ್, ಆಮೇಲೆ ಬೆಟ್ಟ. ಚಿಂತಾಮಣಿ, ಗೌರಿಬಿದನೂರು ಕಡೆ ನಂದಿ ಹತ್ತಲಾರದೆ ಸೈಕಲ್ ಬಿಟ್ಟ ಗಟ್ಟಿಮುಟ್ಟಾದ ಹುಡುಗ, ಹುಡುಗಿ ಯಾರಾದರೂ ಗೊತ್ತಿದ್ದರೆ ಒಂದು ಬೆಳಗ್ಗೆ ಕಳಿಸಿಕೊಡಿ, ಟೈಮ್ ತೆಗೆದು ನೋಡೋಣ.